ಸಪ್ಪಳ ತೆಗೆದ ರೀಲು

ಹೋದ ತಿಂಗಳು ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಅಲ್ಲೊಂದು ಹೊಲಿಗೆ ಕ್ಲಾಸಿನ ಮಷೀನುಗಳು ಎಲ್ಲ ಒಂದೇ ಸಲ ಮುನಿಸಿಕೊಂಡು ಕೂತಿದ್ದವು, ಅವನ್ನು ದಾರಿಗೆ ತರಬೇಕಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಒಬ್ಬ ಹೆಣ್ಣುಮಗಳು ಮೀನಿನ ಬುಟ್ಟಿ ಹಿಡಿದು ಹತ್ತಿದಳು. ಅವಳ ಹಿಂದೆಯೇ ಒಬ್ಬ ರೈತ ಪಂಪ್‌ಸೆಟ್ಟಿನ ಯಾವುದೋ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿಕೊಂಡು ನನ್ನ ಪಕ್ಕದ ಸೀಟಿಗೇ ಬಂದು ಕೂತ. ಮೀನು, ಸೀಮೆಎಣ್ಣೆ ಎರಡೂ ಕೂಡಿದ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬಸ್ಸಿನಲ್ಲಿದ್ದವರು ಸೆರಗು, ಟವಲು ಮೂಗಿಗೆ ಹಿಡಿದರು. ನಾನು ಲಿಂಗ ಕಟ್ಟಿಕೊಂಡ ಮನೆಯ ಹೆಂಗಸು, ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವಳಲ್ಲ. ಅಂಥ ನಾನು ಆ ವಾಸನೆಯನ್ನು ಎಳೆದೆಳೆದು ಮೂಸುತ್ತ ಕೂತುಬಿಟ್ಟೆ. ಕಣ್ಣಲ್ಲಿ ನೀರೂ ಬಂತು. "ಯಾಕ್ರೀ ಅಕ್ಕಾರ, ಘಾಟು ಭಾಳ ಆತೇನು?" ಎಂದು ಆ ರೈತ ಗಂಟನ್ನು ಕಾಲಬುಡಕ್ಕೆ ಇಳಿಸಿದ. ಇಲ್ಲಪ್ಪ, ಇರಲಿ ಬಿಡು ಎಂದೆ. ಇನ್ನೇನು ಹೇಳಲಿ? ನಾನು ಅಳುತ್ತಿದ್ದುದು ಯಾತಕ್ಕೆಂದು ನನಗೇ ಬರೋಬರ್ ಗೊತ್ತಿರಲಿಲ್ಲ.

ಆ ವಾಸನೆ ಮೊದಲು ನಮ್ಮ ಮನೆಗೆ ಬಂದದ್ದು ಲಾಕ್‌ಡೌನಿನ ಗಲಾಟೆಯೆಲ್ಲ ಮುಗಿದ ಮರುವರ್ಷದ ಮಳೆಗಾಲದಲ್ಲಿ. ಆಗ ನಾವು ಮಸ್ಕಿಯಲ್ಲಿದ್ದೆವು. ಮನೆಯವರು ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಬಂದು ಹೋಗುವವರು. ಮನೆಯಲ್ಲಿ ನಾನು, ನನ್ನ ಅತ್ತೆ. ಮನೆಯ ಮುಂದಿನ ಪಡಸಾಲೆಯೇ ನನ್ನ ಅಂಗಡಿ. ಹೊಲಿಗೆ ಯಂತ್ರದ ರಿಪೇರಿ ನನಗೆ ಅಪ್ಪನಿಂದ ಬಂದ ಕಸಬು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನನಗೆ ಬೊಂಬೆ ಆಟದಲ್ಲಿ ಆಸಕ್ತಿ ಇರಲಿಲ್ಲ, ಇಬ್ಬರದೂ ಹೊಂದಿಕೆಯಾಯಿತು. ಮಷೀನು ಕೆಟ್ಟಿದೆ ಎಂದು ಯಾರಾದರೂ ತಂದರೆ ಅಪ್ಪ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಚಕ್ರ ತಿರುವಿ ಕಿವಿ ಕೊಡುತ್ತಿದ್ದ. ಎಲ್ಲಿ ಸಪ್ಪಳವೋ ಅಲ್ಲಿ ರೋಗ. ಆ ಸಪ್ಪಳ ಪೂರ್ತಿ ಹೋಗುವವರೆಗೆ ಮಷೀನು ಅಂಗಡಿ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ನಾನೂ ಹಾಗೇ ಕಲಿತೆ. ಗಿರಿಜಕ್ಕನ ಕೈಯಿಂದ ಬಂದ ಮಷೀನು ಓಡುತ್ತಿರುವುದೇ ಗೊತ್ತಾಗುವುದಿಲ್ಲ ಎಂದು ಮಸ್ಕಿಯ ಟೇಲರುಗಳು ಹೇಳಿದರೆ ಒಳಗೊಳಗೇ ಉಬ್ಬುತ್ತಿದ್ದೆ.

ಜೂನಿನ ಮಿರಗದ ಮಳೆ ಒಂದೆರಡು ಸಲ ಬಂದು, ಮುಂದೇನು ಮಾಡಬೇಕೆಂದು ತಿಳಿಯದವರಂತೆ ನಿಂತುಬಿಟ್ಟಿತ್ತು. ಒಂದು ಮಧ್ಯಾಹ್ನ ದುರುಗಪ್ಪ ತಾತ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಮಸ್ಕಿ ಹಳ್ಳದ ಡ್ಯಾಮಿನ ಹತ್ತಿರದ ಊರಿನವರು. ಹಿಂದೆ ಕಾಲುವೆಯ ಗ್ಯಾಂಗ್‌ಮನ್ ಆಗಿ ದುಡಿದವರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ತಿಳಿಯುತ್ತಿತ್ತು. ಹೆಗಲ ಮೇಲಿನ ಟವಲಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಸಿರುಗಟ್ಟಿದ ಉಂಡೆ ಇಟ್ಟರು. ಮೀನಿನ ನಾತ ಅಂದರೆ ನಾತ!

"ಏನ್ ತಾತ ಇದು?"

"ಗಿರಕಿ ತಂಗಿ. ಗಾಳದ ಗಿರಕಿ, ರೀಲು ಅಂತಾರಲ್ಲ ಅದು. ಹಿಂದಕ ಒಬ್ಬ ಇಂಜಿನಿಯರ್ ಸಾಹೇಬ್ರು ಬದಲಿ ಆಗಿ ಹೋಗೂ ಮುಂದ ಕೊಟ್ಟು ಹೋಗ್ಯಾರ. ಭಾಳ ವರ್ಷದ್ದು. ಈಗ ಕಿಲುಬು ಹಿಡದು ಗಟ್ಟಿ ಕುಂತೈತಿ, ತಿರುಗವಲ್ದು."

"ನಾ ಹೊಲಿಗಿ ಮಷೀನ್ ಮಾಡಾಕಿ. ಇದ ನನಗ ಏನ್ ತಿಳಿತೈತಿ?"

"ಅದರಾಗೂ ದಾರ ಸುತ್ತತೈತಿ, ಇದರಾಗೂ ದಾರ ಸುತ್ತತೈತಿ. ನೋಡು ಜರಾ. ಮೊದಲಿನ ಹಂಗ ಆದ್ರ ಸಾಕು."

ಮೊದಲಿನ ಹಾಗೆ ಅಂದರೆ ಹೇಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆ ಒಂದು ಮಾತು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒಳಗಿನಿಂದ ಅತ್ತೆ ವಾಸನೆ ಹಿಡಿದು ಬಂದರು. ಮೂಗು ಮುಚ್ಚಿಕೊಂಡೇ, "ಗಿರಿಜಾ, ಏನ್ ಬೇ ಇದು? ಪೂಜಿ ಮಾಡೂ ಮನಿಯಾಗ!" ಎಂದರು. ದುರುಗಪ್ಪ ತಾತ ಎದ್ದು ನಿಂತು, "ತೊಳಕೊಂಡ ತಂದೀನ್ರೀ ಯವ್ವಾರ" ಎಂದು ಅತ್ತೆ ಇಲ್ಲದ ದಿಕ್ಕಿಗೆ ಕೈ ಮುಗಿದರು. ಆಗ ಅತ್ತೆಗೆ ಅವರ ಕಣ್ಣು ಕಂಡವು. ಒಳಗೆ ಹೋಗಿ ಒಂದು ಲೋಟ ಚಹಾ ತಂದಿಟ್ಟರು. ಹೋಗುವಾಗ ನನ್ನ ಕಿವಿಯಲ್ಲಿ, "ಮಾಡೂದಾದ್ರ ಹಿತ್ತಲದಾಗ ಮಾಡು, ಒಳಗ ತಂದಿ ಅಂದ್ರ ನೋಡು" ಎಂದರು.

ಹಿತ್ತಲಿನಲ್ಲೇ ಮಾಡಿದೆ. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ನಾಲ್ಕನೆಯ ದಿನ ಸ್ಕ್ರೂಗಳು ಒಲ್ಲೆ ಒಲ್ಲೆ ಎನ್ನುತ್ತ ಬಿಚ್ಚಿಕೊಂಡವು. ಎರಡು ಹಿತ್ತಾಳೆ ತಟ್ಟೆ, ನಡುವೆ ಒಂದು ಉರುಳೆ, ಒಂದು ಹಲ್ಲಿನ ಚಕ್ರ, ಒಂದು ಹಿಡಿಕೆ. ಇಷ್ಟೇ ಸಾಮಾನು, ಆದರೆ ನನ್ನ ತಲೆ ಗಿರ್ ಎಂದಿತು. ಹೊಲಿಗೆ ಯಂತ್ರದಲ್ಲಿ ಯಾವುದು ಯಾವುದನ್ನು ತಳ್ಳುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಇದರಲ್ಲಿ ಯಾರು ಯಾರನ್ನು ಎಳೆಯುತ್ತಾರೆ? ಮನುಷ್ಯ ಮೀನನ್ನೋ, ಮೀನು ಮನುಷ್ಯನನ್ನೋ? ಗಾಳ ಹಾಕುವುದನ್ನು ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ತಿಳಿದಷ್ಟು ಮಾಡೋಣವೆಂದು ಹುಣಸೆಹಣ್ಣು ತಿಕ್ಕಿ ಕಿಲುಬು ತೆಗೆದೆ. ಸಾರಿಗಿಟ್ಟ ಹುಣಸೆ ಎಲ್ಲಿ ಎಂದು ಅತ್ತೆ ಡಬ್ಬಿ ಡಬ್ಬಿ ಹುಡುಕಿದರು, ನಾನು ಬಾಯಿ ಬಿಡಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಗಳ ಸಂದಿ ಸಂದಿ ಉಜ್ಜಿದೆ. ಹಿಡಿಕೆಯ ತುದಿಯ ಮರದ ಗುಬಟು ಸೀಳಿ ಹೋಗಿತ್ತು, ಹಳೆಯ ದಾರದ ಉಂಡೆಯ ಮರದ ಕೊಳವೆ ಕೊರೆದು ಹೊಸದು ಕೂಡಿಸಿದೆ. ಮಷೀನಿನ ಎಣ್ಣೆ ಎರಡು ಹನಿ ಬಿಟ್ಟು ತಿರುವಿದರೆ, ಆಹಾ, ಉರುಳೆ ತಿರುಗಿತು.

ಆದರೆ ಕಿರ್ ಕಿರ್ ಕಿರ್ ಎಂದು ಸಪ್ಪಳ. ಯಾವ ಸಪ್ಪಳ ಅಂತೀರಿ, ಹಲ್ಲು ಜುಮ್ಮೆನ್ನುವಂಥದ್ದು. ಬಿಚ್ಚಿ ನೋಡಿದೆ. ತಟ್ಟೆಯ ಒಳಮೈಯಲ್ಲಿ ಉಗುರಿನಷ್ಟು ಒಂದು ಕೊಕ್ಕೆ, ಅದರ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗು. ಆ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸುಮ್ಮನೆ ತಾಗುತ್ತ ಕೂತಿದೆ. ಏನನ್ನೂ ತಳ್ಳುವುದಿಲ್ಲ, ಏನನ್ನೂ ಎಳೆಯುವುದಿಲ್ಲ. ಸವೆಯುವುದು, ಸವೆಸುವುದು ಅಷ್ಟೇ. ಸಿಕ್ಕಿತು ರೋಗ ಎಂದುಕೊಂಡೆ. ಕೊಕ್ಕೆ, ಸ್ಪ್ರಿಂಗು ಎರಡನ್ನೂ ತೆಗೆದು ಹಾಳುಮೂಳು ಹಾಕುವ ಡಬ್ಬಿಗೆ ಎಸೆದೆ. ಮತ್ತೆ ಕೂಡಿಸಿ ತಿರುವಿದೆ. ಬೆಣ್ಣೆ! ಅಪ್ಪ ಇದ್ದಿದ್ದರೆ ಬೆನ್ನು ಚಪ್ಪರಿಸುತ್ತಿದ್ದ ಎಂದು ಹಿಗ್ಗಿದೆ.

ರೀಲು ಒಯ್ಯಲು ತಾತ ಬರಲಿಲ್ಲ, ಅವರ ಸೊಸೆ ಹುಲಿಗೆಮ್ಮ ಸಂತೆಗೆ ಬಂದವಳು ಬಂದಳು. ಅವಳ ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಮನೆ, ಕೂಲಿ, ಮಾವ ಎಲ್ಲ ಅವಳ ತಲೆಯ ಮೇಲೆಯೇ. "ಕಣ್ಣ ಇಲ್ಲದವರನ್ನ ನೀರಿನ ದಂಡಿಗೆ ಒಬ್ರನ್ನ ಬಿಡ್ತೀರಲ್ಲ, ಹೆದರಿಕಿ ಆಗಂಗಿಲ್ಲೇನು?" ಎಂದು ಕೇಳಿದೆ.

"ಕಣ್ಣು ಹೋದ್ರೂ ಕಿವಿ ಭಾಳ ಚುರುಕು ಅದಾವ್ರೀ ಅಕ್ಕಾರ. ಹಾವು ಹರದ್ರ ಕೇಳ್ತೈತಿ, ನೀರು ಏರಿದ್ರ ಕೇಳ್ತೈತಿ. ಅದಕ್ಕ ಬಿಟ್ಟೀವಿ. ಕಿವಿನೂ ಇಲ್ಲಂದ್ರ ಮನಿ ಬಿಟ್ಟು ಹೊರಗ ಬಿಡತಿದ್ವೇನು? ಅವರಿಗೆ ಅದೊಂದ ಹುಚ್ಚು. ಎರಡು ಮೀನು ತಂದು ನನ್ನ ಮುಂದ ಇಟ್ರಂದ್ರ ಅವತ್ತೆಲ್ಲ ಮಾರಿ ನೋಡಬೇಕು, ರಾಜಾ ಆಗಿರ್ತಾರ."

ರೀಲನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೋದಳು. ಅವತ್ತೇ ಆರಿದ್ರಾ ಮಳೆ ಹಿಡಿದದ್ದು. ವಾರಗಟ್ಟಲೆ ಬಿಡಲಿಲ್ಲ. ಹಳ್ಳ ತುಂಬಿತು, ಡ್ಯಾಮು ತುಂಬುತ್ತಿದೆಯಂತೆ ಎಂದು ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ನನ್ನ ಕೈಯಲ್ಲಿ ಒಂದು ಹಳೆಯ ರೀಲು ತಿರುಗಿತೆಂಬ ಸುದ್ದಿ ಹೇಗೆ ಹಬ್ಬಿತೋ ಏನೋ, ಶ್ರಾವಣ ಶುರುವಾಗುವ ಹೊತ್ತಿಗೆ ಇನ್ನೂ ಎರಡು ರೀಲು ಬಂದವು. ಒಂದು ಸಂತೆಕಲ್ಲೂರಿನವರದು, ಸುಮ್ಮನೆ ಎಣ್ಣೆ ಕಾಣದೆ ಬಿಗಿದುಕೊಂಡದ್ದು. ಇನ್ನೊಂದು ಸಿಂಧನೂರಿನ ಹತ್ತಿರ ಬಂಗಾಳಿಗಳ ಕ್ಯಾಂಪಿದೆಯಲ್ಲ, ಅಲ್ಲಿನ ಮಂಡಲ್ ಬಾಬು ಎಂಬುವರದು. ಶ್ರಾವಣದಲ್ಲಿ ಮೀನಿನ ಸಾಮಾನು! ಅತ್ತೆ ಸೋಮವಾರ ಸೋಮವಾರ ಹಿತ್ತಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಮಾತ್ರ ಗೆದ್ದವಳಂತೆ ಮಂಡಲ್ ಬಾಬುವಿನ ರೀಲಿನ ಕೊಕ್ಕೆಯನ್ನೂ ತೆಗೆದು, ದಾರ ಕಟ್ಟಿ ಮೇಜಿನ ಡ್ರಾದಲ್ಲಿಟ್ಟೆ.

ಆ ನಡುವೆ ಹುಲಿಗೆಮ್ಮ ಬಂದಳು, ಪಕ್ಕದ ಮನೆಯವರ ಮಷೀನಿನ ಸೂಜಿ ಬೇಕೆಂದು. ತಾತ ಹೇಗಿದ್ದಾರೆ, ಮೀನು ಬೀಳುತ್ತಿದ್ದಾವೋ ಎಂದೆ. ಅವಳ ಮುಖ ಸಣ್ಣದಾಯಿತು.

"ಇಲ್ರೀ ಅಕ್ಕಾರ, ಈಗ ಹೋಗವಲ್ರು. ಕಿವಿನೂ ಹೋದ್ವು."

"ಅಯ್ಯ, ಯಾವಾಗ?"

"ಯಾವಾಗ ಹೋದ್ವೋ ಯಾರಿಗ್ಗೊತ್ತು. ನಮ್ಮ ಜೋಡಿ ಮಾತಾಡ್ತಾರ, ಅದೆಲ್ಲ ಕೇಳ್ತೈತಿ. ಆದ್ರ ಗಿರಕಿ ಸಪ್ಪಳ ಕೇಳವಲ್ದು ಅಂತಾರ. ನೀವು ರಿಪೇರಿ ಮಾಡಿ ಕೊಟ್ಟ ದಿನ ತಿರುವಿ, 'ಸಪ್ಪಳ ಬರಾಕತ್ತೈತೇನ ಹುಲಿಗೆಮ್ಮ' ಅಂತ ಕೇಳಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ, ಬರ್ತೈತಿ ಬರ್ತೈತಿ ಅಂದೆ. ಅವತ್ತ ಸುಮ್ಮಕಾದ್ರು. ಎರಡು ಸಲ ನೀರಿಗೆ ಹೋಗಿ ಬಂದ್ರು, ಗಾಳದ ಮೇವು ತಿಂದು ಮೀನು ಹೋಗ್ಯಾವ, ಇವರಿಗೆ ತಿಳದಿಲ್ಲ. ಆಮ್ಯಾಗ ತಾವ ಹೇಳಿದ್ರು, ನನ್ನ ಕಿವಿ ಹೋಗ್ಯಾವ, ನಾ ಇನ್ನ ಮನಿಯಾಗ ಇರ್ತೀನಿ ಅಂತ. ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ."

ನನಗೆ ಏನೋ ಚುಚ್ಚಿತು. ಆದರೆ ಏನೆಂದು ತಿಳಿಯಲಿಲ್ಲ. ಸಪ್ಪಳ ಕೇಳಿಸಬೇಕೆಂದು ಯಾಕೆ ಬಯಸುತ್ತಾರೆ? ನಾನು ಅದನ್ನು ಸರಿ ಮಾಡಿ ಕೊಟ್ಟಿದ್ದೇನಲ್ಲ? ನಾಲ್ಕು ದಿನ ಈ ಮಾತು ತಲೆಯಲ್ಲಿ ಹುಳದಂತೆ ತಿರುಗಿತು. ಯಾರನ್ನಾದರೂ ಕೇಳಿದ್ದರಾಗುತ್ತಿತ್ತು. ಮೀನಿನ ಸಂಗತಿ ನಮ್ಮ ಓಣಿಯಲ್ಲಿ ಯಾರನ್ನು ಕೇಳಲಿ?

ಐದನೆಯ ದಿನ ಮಂಡಲ್ ಬಾಬುವೇ ಉತ್ತರ ತಂದರು. ತಮ್ಮ ರೀಲು ತೆಗೆದುಕೊಂಡು, ನನ್ನ ಮುಂದೆಯೇ ತಿರುವಿ, ಕಿವಿಗೆ ಹಿಡಿದು, ಕಣ್ಣು ಕೆಂಪು ಮಾಡಿದರು. ಹುಟ್ಟಿದ್ದು ಕ್ಯಾಂಪಿನಲ್ಲೇ, ಕನ್ನಡ ನಮ್ಮ ಹಾಗೇ ಮಾತಾಡುವವರು. "ದೀದಿ, ಇದರ ಕಿರ್‌ಕಿರ್ ಎಲ್ಲೈತ್ರೀ?"

"ಅದು ಕೆಟ್ಟಿತ್ರೀ, ತಗದು ಹಾಕೀನಿ" ಎಂದೆ ಹೆಮ್ಮೆಯಿಂದ.

"ಕೆಟ್ಟಿತ್ತ? ಅಯ್ಯೋ ನನ ಕರ್ಮ! ಅದು ಮೀನು ಮಾತಾಡೂದು ದೀದಿ! ಕೋಲು ನೆಲಕ್ಕ ಊರಿ ನಾವು ಬೀಡಿ ಸೇದಕೋತ ಕುಂತಿರ್ತೀವಿ. ಮೀನು ಹಿಡಕೊಂಡು ಓಡಿದ್ರ ಗಿರಕಿ ಒದರತೈತಿ, ಆಗ ಎದ್ದು ಎಳೀತೀವಿ. ನೀವು ಅದರ ಬಾಯಿ ಕಟ್ಟೀರಿ!"

ಡ್ರಾದಿಂದ ಅವರ ಕೊಕ್ಕೆ ತೆಗೆದು, ಅವರೆದುರಿಗೇ ಕೂಡಿಸಿದೆ. ರೀಲು ಕಿರ್ರ್ ಎಂದಾಗ ಬಾಬುವಿನ ಸಿಟ್ಟು ಇಳಿದು ನಗು ಬಂತು. ನನಗೆ ನಗು ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ ಮನುಷ್ಯ ಕಣ್ಣ ಮುಂದೆ ಬಂದು ನಿಂತಿದ್ದರು. ಅವರ ಕಿವಿ ಹೋಗಿರಲಿಲ್ಲ. ನಾನೇ ಕಿತ್ತು ಡಬ್ಬಿಗೆ ಎಸೆದಿದ್ದೆ.

ಓಡಿ ಹೋಗಿ ಡಬ್ಬಿ ಹುಡುಕಿದೆ. ಇಲ್ಲ. ಅತ್ತೆ ಹಿಂದಿನ ವಾರ ಹಳೆಯ ಸಾಮಾನಿನವನಿಗೆ ಹಾಕಿ ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದರು. "ತುಕ್ಕು ಸಾಮಾನು ಯಾಕ ಕೂಡಿ ಹಾಕ್ತಿ ಅಂತ ನಾ ಎಷ್ಟ ಸಲ ಹೇಳೀನಿ" ಎಂದು ನನಗೇ ಜಬರಿಸಿದರು. ನಾನು ಅಲ್ಲೇ ನೆಲಕ್ಕೆ ಕುಸಿದು ನಡೆದದ್ದೆಲ್ಲ ಹೇಳಿದೆ. ಅತ್ತೆ ಕೇಳುತ್ತ ಕೇಳುತ್ತ ಬುಟ್ಟಿಯನ್ನು ಕೈಯಿಂದ ಕೆಳಗಿಟ್ಟರು.

"ಹೋಗಿ ಹೇಳಿ ಬಾ" ಎಂದರು.

"ಹೆಂಗ ಹೇಳ್ಲಿ? ಯಾವ ಮಾರಿ ತಗೊಂಡು ಹೋಗ್ಲಿ?"

"ಇದ ಮಾರಿ ತಗೊಂಡು ಹೋಗು. ಮತ್ತೊಂದು ಎಲ್ಲಿಂದ ತರ್ತಿ? ಆ ಯಜಮಾನ ನನಗ ಕೈ ಮುಗದು ನಿಂತಿದ್ದು ಇನ್ನೂ ಕಣ್ಣ ಮುಂದ ಕಾಣತೈತಿ. ಹೋಗು, ಮೊದಲ ಆ ಕೊಕ್ಕಿ ಮಾಡು."

ಮಂಡಲ್ ಬಾಬುವಿನ ಕೊಕ್ಕೆಯ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡಿದ್ದೆ. ಎಣ್ಣೆ ಹಾಕುವುದು ಉಳಿದಿದೆ ಎಂದು ಹುಲಿಗೆಮ್ಮನಿಗೆ ಹೇಳಿ ಕಳಿಸಿ ತಾತನ ರೀಲು ತರಿಸಿಕೊಂಡೆ. ಹಳೆಯ ಮಷೀನೊಂದರ ಹಿತ್ತಾಳೆ ಪಟ್ಟಿ ಕತ್ತರಿಸಿ ಅರದಿಂದ ಉಜ್ಜಿದೆ. ಒಂದು ಮುರಿಯಿತು, ಇನ್ನೊಂದು ಹಲ್ಲಿಗೆ ಸಿಕ್ಕಿಕೊಂಡಿತು. ಮೂರನೆಯದು ಕೂತಿತು. ಅದೇ ಮಷೀನಿನ ಮೇಲಿನ ದಾರ ಬಿಗಿ ಹಿಡಿಯುವ ಸ್ಪ್ರಿಂಗನ್ನು ಬಿಡಿಸಿ, ಬಾಗಿಸಿ ಕೊಕ್ಕೆಯ ಬೆನ್ನಿಗಿಟ್ಟೆ. ಸಪ್ಪಳ ಕಳೆಯುವುದನ್ನೇ ಕಲಿತ ಕೈಯಿಂದ ಸಪ್ಪಳ ಹುಟ್ಟಿಸುವುದೆಂದರೆ! ಅಪ್ಪನ ಎದುರು ಏನೋ ತಪ್ಪು ಮಾಡುತ್ತಿದ್ದೇನೆಂಬ ಭಯವೂ ಆಯಿತು.

ಮರುದಿನ ಮಧ್ಯಾಹ್ನ ಆಟೋ ಹಿಡಿದು ಅವರ ಊರಿಗೆ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ತಾತ ಖರೇನೇ ಗೋಡೆಯ ಕಡೆ ತಿರುಗಿ ಮಲಗಿದ್ದರು. ಹುಲಿಗೆಮ್ಮ ಎಬ್ಬಿಸಿ ಕೂಡಿಸಿದಳು. ನಾನು ಮೊದಲು ಅವರ ಕಾಲು ಮುಟ್ಟಿದೆ, ಆಮೇಲೆ ಹೇಳಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಬೈಯಲಿ, ಎರಡು ಹೊಡೆಯಲಿ ಎಂದು ಕಾದೆ.

"ಹಂಗಾರ ನನ್ನ ಕಿವಿ ಹೋಗಿಲ್ಲ?" ಎಂದರು.

"ಇಲ್ಲ ತಾತ. ಗಿರಕಿದಾಗ ಸಪ್ಪಳನ ಇರ್ಲಿಲ್ಲ. ನಾನ ತಗದಿದ್ದೆ."

"ಖರೇ?"

"ಶಿವನ ಆಣಿ."

ಮತ್ತೆ ಒಂದು ಸಲ ಖರೇ ಎಂದು ಕೇಳಿದರು. ಆಮೇಲೆ ನಕ್ಕರು ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಎಲಾ ಇಕೀನ! ಎರಡು ತಿಂಗಳು ನನ್ನ ಕೆಪ್ಪನ ಮಾಡಿ ಕೂಡ್ರಿಸಿದ್ಲಲ್ಲ!" ಹುಲಿಗೆಮ್ಮ ಹಣೆ ಬಡಿದುಕೊಂಡು, ರೊಟ್ಟಿ ಬಡಿಯುತ್ತ ತಾನು ಹೇಳಿದ ಸುಳ್ಳನ್ನು ನೆನೆದು ಅತ್ತಳು. ಒಮ್ಮೆ ನೋಡಿಯೇ ಬಿಡೋಣವೆಂದು ರೀಲನ್ನು ಕೋಲಿಗೆ ಕಟ್ಟಿ ತಾತನ ಕೈಯಲ್ಲಿಟ್ಟೆವು. ನಾನು ದಾರದ ತುದಿ ಹಿಡಿದು ಅಂಗಳದ ಆ ಮೂಲೆಗೆ ನಡೆದು ಎಳೆದೆ. ಕಿರ್ರ್ ಎಂದಿತು.

"ಕೇಳ್ತು!" ಎಂದರು ತಾತ.

ಮತ್ತೆ ಎಳೆದೆ. "ಕೇಳ್ತು!" ಹುಲಿಗೆಮ್ಮ ಚಪ್ಪಾಳೆ ಹೊಡೆದಳು. "ನಾಳಿಂದ ಹೋಗ್ರಿ ಮಾವ, ಯಾರೂ ತಡ್ಯಾಂಗಿಲ್ಲ" ಎಂದಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ನೀನೂ ಬಾ ತಂಗಿ, ನಿನ್ನ ಕೈಗುಣ ನೀನೇ ನೋಡುವಿಯಂತೆ ಎಂದು ತಾತ ಕರೆದರು. ಮೀನು ಕೊಲ್ಲುವುದನ್ನು ನೋಡಲು ನಾನು ಹೋಗುವುದೇ ಎಂದು ಒಂದು ಮನಸ್ಸು, ಹೋಗದಿದ್ದರೆ ನಿದ್ದೆ ಬರುವುದಿಲ್ಲ ಎಂದು ಇನ್ನೊಂದು. ಬೆಳಿಗ್ಗೆ ಪೂಜೆ ಮುಗಿಸಿ ಹೋದೆ. ಅತ್ತೆ ಎಲ್ಲಿಗೆ ಎಂದು ಕೇಳಲೇ ಇಲ್ಲ.

ಹಿನ್ನೀರು ಹೊಲಗಳ ಅಂಚಿನವರೆಗೂ ಬಂದಿತ್ತು. ಹುಲಿಗೆಮ್ಮ ನಮ್ಮನ್ನು ಬಿಟ್ಟು ಹತ್ತಿರದ ಹೊಲಕ್ಕೆ ಕಳೆ ತೆಗೆಯಲು ಹೋದಳು. ತಾತ ಜೋಳದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಬೀಸಿ ಎಸೆದು, ಕೋಲನ್ನು ಕವಲು ಕಟ್ಟಿಗೆಯ ಮೇಲಿಟ್ಟರು. ಎರಡು ಕೈ ಮೊಣಕಾಲ ಮೇಲೆ. ಕಣ್ಣು ಮುಚ್ಚಿದರು. ತಮ್ಮ ಜಾಗದಲ್ಲಿ ತಾವು ಕೂತ ಸುಖ ಅವರ ಮುಖದಲ್ಲಿತ್ತು. ನಾನು ನಾಲ್ಕು ಮಾರು ದೂರ ಕೂತೆ.

ಬಹಳ ಹೊತ್ತಾದ ಮೇಲೆ ರೀಲು ಕಿರ್ ಎಂದಿತು. ಒಂದೇ ಒಂದು ಸಲ. ನಾನು ತಾತನ ಕಡೆ ನೋಡಿದೆ. ಅಲುಗಲಿಲ್ಲ. ಮೀನು ಮೊದಲು ಮೇವು ಮೂಸುತ್ತದೇನೋ, ಕಾಯಬೇಕೇನೋ, ನನಗೇನು ಗೊತ್ತು ಎಂದು ಸುಮ್ಮನಿದ್ದೆ. ಆಮೇಲೆ ಕಿರ್ರ್ ಎಂದು ಉದ್ದಕ್ಕೆ ಒದರಿತು. ಆ ಕಡೆ ನಿಂತ ಕೊಕ್ಕರೆ ಕೂಡ ಕತ್ತು ಎತ್ತಿತು. ತಾತ ಅಲುಗಲಿಲ್ಲ. ಮುಚ್ಚಿದ ಕಣ್ಣಿನಲ್ಲೇ, "ಇವತ್ತ ಮೀನು ಬಾಯಿ ತಗೀವಲ್ವು ನೋಡು ತಂಗಿ" ಎಂದರು.

ಅಯ್ಯೋ ಶಿವನೇ ಎಂದಿತು ನನ್ನ ಜೀವ. ಮಾತು ಕೇಳುತ್ತದೆ, ಈ ಸಣ್ಣ ಕೀರಲು ಸಪ್ಪಳ ಕೇಳುವುದಿಲ್ಲ. ಮನೆಯಲ್ಲಿ ಹೇಗೆ ಕೇಳಿತು? ಕೋಲು ಕೈಯಲ್ಲಿತ್ತು. ನಡುಕ ಕೈಗೆ ತಿಳಿದಿತ್ತು. ಕಿವಿ ಯಾವಾಗ ಹೋಗಿದ್ದವು, ನಾನು ಕೊಕ್ಕೆ ಕಿತ್ತ ಮೇಲೋ, ಮೊದಲೇ ಹೋಗಿದ್ದವೋ? ತಪ್ಪು ನನ್ನದೋ ಅಲ್ಲವೋ? ಹಾಗೆ ಯೋಚಿಸುತ್ತಿರುವಾಗಲೂ ರೀಲು ಒದರುತ್ತಲೇ ಇತ್ತು. ನಾನು ಎದ್ದು ಓಡಿ ಅವರ ಬಲಗೈ ಹಿಡಿದು ಕೋಲಿನ ಮೇಲಿಟ್ಟೆ.

ಮುಂದಿನದು ಅವರ ಕೈಗೆ ಗೊತ್ತಿತ್ತು. ಬಿಡುತ್ತ, ಸುತ್ತುತ್ತ ಎಳೆದರು. ಮೊಳದುದ್ದದ ರೋಹು ದಂಡೆಗೆ ಬಂದು ಬಡಿದಾಡಿತು. ನಾನು ಆ ಕಡೆ ಮುಖ ತಿರುಗಿಸಿಕೊಂಡೆ, ಆದರೂ ನನಗೆ ಸಂತೋಷವಾಯಿತು. ಒಂದು ಜೀವ ಸಾಯುತ್ತಿದ್ದರೆ ನನಗೆ ಯಾಕೆ ಸಂತೋಷವಾಗಬೇಕು ಎಂದು ಕೊರಳಿನ ಲಿಂಗ ಹಿಡಿದುಕೊಂಡೆ.

ತಾತ ಮೀನನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಕೈ ತೊಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಎಷ್ಟೊತ್ತಿಂದ ಒದರಾಕತ್ತಿತ್ತು?"

ನಾನು ದಾರದ ಸಿಕ್ಕು ಬಿಡಿಸತೊಡಗಿದೆ.

"ಇರ್ಲಿ ಬಿಡು. ನಿನ್ನಿ ರಾತ್ರಿ ಚಲೋ ನಿದ್ದಿ ಬಂತು ತಂಗಿ. ಕಿವಿ ಅದಾವ ಅಂತ ತಿಳದು ಮಲಗಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳಲು ಬಂದು ಇಲ್ಲದ ಆಸೆ ಹುಟ್ಟಿಸಿ, ಒಂದೇ ರಾತ್ರಿಯಲ್ಲಿ ಅದನ್ನೂ ಕಸಿದುಕೊಂಡೆನಲ್ಲ. ಬರದೇ ಇದ್ದಿದ್ದರೆ ಒಳ್ಳೆಯದಿತ್ತೋ? ಅವರು ನನ್ನ ತಲೆ ತಡವಿ, "ಹುಲಿಗೆಮ್ಮಗ ಏನ್ ಹೇಳ್ತಿ?" ಎಂದರು.

ಹುಲಿಗೆಮ್ಮ ಹೊಲದಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೀನು ನೋಡಿ ಹಿಗ್ಗಿ, ನನ್ನನ್ನೇ ಕೇಳಿದಳು. "ಕೇಳ್ತೇನ್ರೀ ಅಕ್ಕಾರ, ನಮ್ಮ ಮಾವಗ?"

ನಿಜ ಹೇಳಿದರೆ ನಾಳೆಯಿಂದ ಗೋಡೆ. ಸುಳ್ಳು ಹೇಳಿದರೆ, ಕಣ್ಣೂ ಇಲ್ಲದ ಕಿವಿಯೂ ಇಲ್ಲದ ಮನುಷ್ಯ ತುಂಬಿದ ನೀರಿನ ದಂಡೆಯಲ್ಲಿ ಒಬ್ಬರೇ. ನನ್ನ ಬಾಯಿಯಿಂದ ಏನು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಂದದ್ದು ರಿಪೇರಿಯವಳ ಮಾತು.

"ಕೇಳ್ತೈತವ್ವಾ. ಆದ್ರ ಒಂದು ಮಾತು. ನಾ ಹೊಸಾ ಕೊಕ್ಕಿ ಹಾಕೀನಿ. ಕೋಲು ನೆಲಕ್ಕ ಊರಿದ್ರ ಅದು ಹಲ್ಲು ತಿಂತೈತಿ. ಯಾವಾಗ್ಲೂ ಕೈಯಾಗ ಹಿಡದಿರಬೇಕು. ಮತ್ತ ಒಬ್ರ ಎಳದ್ರ ಮುರೀತೈತಿ. ಬಾಜೂಕ ಇನ್ನೊಬ್ರು ಕುಂತಿರಬೇಕು, ತಪ್ಪಂಗಿಲ್ಲ."

ಯಾವ ಮಷೀನಿಗೂ ಇಲ್ಲದ ಕಾನೂನು. ಅಪ್ಪನ ಮರ್ಯಾದೆ, ನನ್ನ ಮರ್ಯಾದೆ ಎಲ್ಲ ಒತ್ತೆಯಿಟ್ಟು ಹೇಳಿದೆ. ಹುಲಿಗೆಮ್ಮ ಒಂದು ಕ್ಷಣವೂ ಅನುಮಾನಿಸಲಿಲ್ಲ. "ಹಂಗಾರ ಕಳಿ ಮುಗಿಸಿ ನಾನ ಕುಂದರ್ತೀನಿ, ನನಗೂ ಕಾಲು ಚಾಚಿದಂಗ ಆಗತೈತಿ" ಎಂದಳು. ತಾತ ದೊಡ್ಡ ಧ್ವನಿಯಲ್ಲಿ, "ಮಷೀನ್ ಅಂದ ಮ್ಯಾಲ ಅದರ ಮಾತು ಕೇಳಬೇಕವ್ವಾ, ಏನ್ ಮಾಡೂದು" ಎಂದು ಬೇರೆ ದಾರಿಯಿಲ್ಲದವರಂತೆ ತಲೆ ಆಡಿಸಿದರು. ಅವರಿಗೆ ಅಷ್ಟು ಚೆನ್ನಾಗಿ ನಟನೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹುಬ್ಬಿ, ಉತ್ತರಿ ಮಳೆಗಳು ಮುಗಿಯುವವರೆಗೆ ಮಾವ ಸೊಸೆ ಜೋಡಿಯಾಗಿ ಕೂತರು. ತಾತ ವಾರಕ್ಕೊಮ್ಮೆ ರೀಲು ತೆಗೆದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು, ಹುಲಿಗೆಮ್ಮ ಸಂತೆ ಮಾಡಿ ಬರುವಷ್ಟು ಹೊತ್ತು. ಅತ್ತೆ ಚಹಾ ಕೊಟ್ಟು ಒಳಗೆ ಹೋದ ಮೇಲೆ ನನ್ನ ಕಡೆ ಬಾಗಿ, "ಸಪ್ಪಳ ಇನ್ನ ಜರ ಜೋರ ಮಾಡಾಕ ಬರ್ತೈತೇನು ನೋಡು" ಎನ್ನುತ್ತಿದ್ದರು. ನೋಡುತ್ತೇನೆ ತಾತ ಎಂದು ಬಿಚ್ಚುತ್ತಿದ್ದೆ. ಕೊಕ್ಕೆಯನ್ನು ದಪ್ಪ ಮಾಡಿದೆ. ಸ್ಪ್ರಿಂಗು ಬಿಗಿ ಮಾಡಿದೆ. ಹಿತ್ತಾಳೆ ಬಿಟ್ಟು ಉಕ್ಕಿನದು ಹಾಕಿದೆ. ಕಡೆಕಡೆಗೆ ಅದು ಒದರಿದರೆ ಓಣಿಯ ನಾಯಿಗಳು ಬೊಗಳುತ್ತಿದ್ದವು, ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಪ್ರತಿ ಸಲವೂ ಅವರು ಕೋಲು ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು. ನಾನು ದಾರ ಹಿಡಿದು ಬಾಗಿಲವರೆಗೆ ನಡೆದು ಎಳೆಯುತ್ತಿದ್ದೆ. ಅವರು ಮುಖ ಎತ್ತಿ, ಕಣ್ಣು ಮುಚ್ಚಿ, "ಹಾಂ, ಇವತ್ತ ಕೇಳ್ತು ನೋಡು" ಎನ್ನುತ್ತಿದ್ದರು. ಕೋಲಿನಿಂದ ಕೈ ತೆಗೆಯಿರಿ ತಾತ ಎಂದು ನಾನು ಒಂದು ಸಲವೂ ಹೇಳಲಿಲ್ಲ.